ಎಲ್ಲ ಅಪ್ಲಿಕೇಶನ್‌ಗಳಿಗೂ ಒಂದೇ ಡೇಟಾಬೇಸೋ, ಬೇರೆ ಬೇರೆಯೋ? ಅನುಭವಸ್ಥರು ತಿಳಿಸಿ

ಮೈಸೂರಿನಿಂದ: ನಮ್ಮಲ್ಲಿ ಬಿಲ್ಲಿಂಗ್, ದಾಸ್ತಾನು ಮತ್ತು ಗ್ರಾಹಕರ ದೂರು ಎಂಬ ಮೂರು ಅಪ್ಲಿಕೇಶನ್‌ಗಳಿವೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಮೂರಕ್ಕೂ ಒಂದೇ ಡೇಟಾಬೇಸ್ ಇಡಬೇಕೆ, ಬೇರ್ಪಡಿಸಬೇಕೆ?

ಹುಬ್ಬಳ್ಳಿಯಿಂದ: ಬೇರೆ ಮಾಡಿ. ನಮ್ಮಲ್ಲಿ ಎಲ್ಲವೂ ಒಂದರಲ್ಲೇ ಇದ್ದಾಗ, ತಿಂಗಳ ಕೊನೆಯಲ್ಲಿ ವರದಿ ವಿಭಾಗದ ಕ್ವೆರಿಯೊಂದು ಗ್ರಾಹಕರ ಟೇಬಲ್ಲನ್ನು ಓದುತ್ತಲೇ ಇದ್ದ ಹೊತ್ತಿಗೆ ಇನ್ನೊಂದು ತಂಡ ಟೇಬಲ್ಲಿನ ರಚನೆ ಬದಲಿಸುವ ಆಲ್ಟರ್ ಟೇಬಲ್ ಆದೇಶ ಕೊಟ್ಟಿತು. ಅದು ಪೂರ್ಣ ಲಾಕ್‌ಗಾಗಿ ಕಾದು ನಿಂತ ಕೂಡಲೇ ಹಿಂದೆ ಬಂದ ಸಾಮಾನ್ಯ ಸೆಲೆಕ್ಟ್‌ಗಳೂ (ಓದುವ ಕ್ವೆರಿಗಳೂ) ಸಾಲುಗಟ್ಟಿ, ಬಿಲ್ಲಿಂಗ್ ಕೌಂಟರುಗಳೆಲ್ಲ ಸ್ತಬ್ಧವಾದವು. ಲಾಕ್‌ಗಾಗಿ ಕಾಯುವ ಸಮಯಕ್ಕೆ ಮಿತಿ ಹಾಕುವ ಲಾಕ್ ಟೈಮೌಟ್ ಇಡಬೇಕಿತ್ತು ಎಂದು ಈಗ ಎಲ್ಲರೂ ಬುದ್ಧಿ ಹೇಳುತ್ತಾರೆ. ಆದರೆ ಒಂದು ಕಾಲಮ್ಮಿನ ಹೆಸರು ಬದಲಿಸಲು ಉಳಿದ ತಂಡಗಳ ಒಪ್ಪಿಗೆಗಾಗಿ ವಾರಗಟ್ಟಲೆ ಕಾಯುತ್ತಿದ್ದುದಕ್ಕೆ ಯಾವ ಟೈಮೌಟ್ ಪರಿಹಾರ?

ಮಂಗಳೂರಿನಿಂದ: ಅಷ್ಟು ಸುಲಭವಾಗಿ ಹೇಳಬೇಡಿ. ನಾವು ಬೇರೆ ಮಾಡಿ ಇಂದಿಗೂ ಅನುಭವಿಸುತ್ತಿದ್ದೇವೆ. ಟ್ರಾನ್ಸಾಕ್ಷನ್ (ಎಲ್ಲವೂ ಒಟ್ಟಿಗೆ ಆಗುವ, ಇಲ್ಲವೇ ಒಂದೂ ಆಗದ ಬದಲಾವಣೆಗಳ ಗುಂಪು) ಡೇಟಾಬೇಸಿನ ಗಡಿ ದಾಟುವುದಿಲ್ಲವಾದ್ದರಿಂದ, ಒಂದು ಕಡೆ ಆರ್ಡರ್ ರದ್ದಾದರೂ ಇನ್ನೊಂದು ಕಡೆ ದಾಸ್ತಾನು ಕಡಿತವಾಗಿಯೇ ಉಳಿಯುತ್ತಿತ್ತು. ಟೇಬಲ್‌ಗಳನ್ನು ಕೂಡಿಸುವ ಒಂದು ಜಾಯಿನ್‌ನಲ್ಲಿ ಮುಗಿಯುತ್ತಿದ್ದ ವರದಿಗೆ, ಬೇರೆ ಡೇಟಾಬೇಸಿನ ಟೇಬಲ್ ಓದಿಸುವ ಪೋಸ್ಟ್‌ಗ್ರೆಸ್ ಎಫ್‌ಡಿಡಬ್ಲ್ಯು ಜೋಡಿಸಿದೆವು, ನಿಧಾನವಾಯಿತು. ಪ್ರತಿ ರಾತ್ರಿ ತಾಳೆ ನೋಡುವ ಸ್ಕ್ರಿಪ್ಟ್ ಬರೆದೆವು. ಅದನ್ನು ನೋಡಿಕೊಳ್ಳುವುದೇ ಒಬ್ಬರ ಕೆಲಸವಾಯಿತು. ಬ್ಯಾಕಪ್‌ನಿಂದ ಒಂದನ್ನು ಮಾತ್ರ ಮರಳಿ ತಂದಾಗ ಎರಡರ ಲೆಕ್ಕವೂ ಕೂಡಲಿಲ್ಲ.

ಹುಬ್ಬಳ್ಳಿಯಿಂದ: ಅದು ಗಡಿಯನ್ನು ತಪ್ಪು ಜಾಗದಲ್ಲಿ ಎಳೆದುದರ ಫಲ. ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬದಲಾಗಬೇಕಾದ ಆರ್ಡರ್ ಮತ್ತು ದಾಸ್ತಾನನ್ನು ಸೀಳಲು ನಿಮಗೆ ಯಾರು ಹೇಳಿದರು?

ಮಂಗಳೂರಿನಿಂದ: ನೀವೇ ಈಗ ಇವರಿಗೆ ಹೇಳುತ್ತಿದ್ದೀರಿ! ಇವರು ಕೇಳಿರುವುದೂ ಬಿಲ್ಲಿಂಗ್ ಮತ್ತು ದಾಸ್ತಾನಿನ ಬಗ್ಗೆಯೇ. ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರಿಸಿ.

ಬೆಂಗಳೂರಿನಿಂದ: ಒಂದೇ ಸರ್ವರಿನೊಳಗೆ ಡೇಟಾಬೇಸ್ ಬೇರೆ ಮಾಡಿದ ಮಾತ್ರಕ್ಕೆ ಎಲ್ಲವೂ ಬೇರೆಯಾಗುವುದಿಲ್ಲ: ವಾಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ಲಾಗ್) ಒಂದೇ, ಪಾಯಿಂಟ್ ಇನ್ ಟೈಮ್ ರಿಕವರಿ (ಹಿಂದಿನ ನಿರ್ದಿಷ್ಟ ಕ್ಷಣದ ಸ್ಥಿತಿಗೆ ಮರಳುವುದು) ಇಡೀ ಕ್ಲಸ್ಟರಿಗೆ, ಅಂದರೆ ಸರ್ವರಿನ ಎಲ್ಲ ಡೇಟಾಬೇಸ್‌ಗಳಿಗೆ, ಕನೆಕ್ಷನ್ ಮಿತಿಯೂ ಹಂಚಿಕೆಯದೇ. ಡಿಫಾಲ್ಟ್ 100 ಕನೆಕ್ಷನ್‌ಗಳಲ್ಲಿ 3 ಸೂಪರ್‌ಯೂಸರಿಗೆ (ಪೂರ್ಣ ಅಧಿಕಾರದ ಖಾತೆಗೆ) ಮೀಸಲು. ನಮ್ಮ 5 ಅಪ್ಲಿಕೇಶನ್‌ಗಳ ತಲಾ 2 ಪ್ರತಿಗಳು ಕನೆಕ್ಷನ್‌ಗಳನ್ನು ತೆರೆದಿಟ್ಟು ಮರುಬಳಸುವ ಹಿಕಾರಿ ಲೈಬ್ರರಿಯ ಡಿಫಾಲ್ಟ್‌ನಂತೆ ಹತ್ತತ್ತು ಕನೆಕ್ಷನ್ ಕೇಳಿದಾಗ 97ಕ್ಕೇ ಬಾಗಿಲು ಮುಚ್ಚಿತು. ಆಮೇಲೆ ಒಂದೇ ಡೇಟಾಬೇಸಿನಲ್ಲಿ ಅಪ್ಲಿಕೇಶನ್‌ಗೊಂದು ಸ್ಕೀಮಾ (ಟೇಬಲ್‌ಗಳ ಪ್ರತ್ಯೇಕ ಗುಂಪು), ಸ್ಕೀಮಾಗೊಂದು ರೋಲ್ (ಬಳಕೆದಾರ ಖಾತೆ) ಮಾಡಿ, ಪರರ ಟೇಬಲ್ ಓದಲು ವ್ಯೂಗೆ (ಉಳಿಸಿಟ್ಟ ಕ್ವೆರಿಗೆ) ಮಾತ್ರ ಗ್ರಾಂಟ್ (ಅನುಮತಿ) ಕೊಟ್ಟು, ಮುಂದೆ ಕನೆಕ್ಷನ್‌ಗಳನ್ನು ಹಂಚಿಕೊಡುವ ಪಿಜಿಬೌನ್ಸರ್ ನಿಲ್ಲಿಸಿದೆವು. ಈ ವ್ಯವಸ್ಥೆಯ ಬಗ್ಗೆ ನನಗೆ ಹೆಮ್ಮೆಯಿದೆ.

ಹುಬ್ಬಳ್ಳಿಯಿಂದ: ಪಿಜಿಬೌನ್ಸರಿನ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ (ಒಂದು ಟ್ರಾನ್ಸಾಕ್ಷನ್ ಮುಗಿದೊಡನೆ ಕನೆಕ್ಷನ್ ಬೇರೆಯವರಿಗೆ ಹೋಗುವ ಮೋಡ್) ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಮೊದಲೇ ಸಿದ್ಧಪಡಿಸಿಟ್ಟ ಕ್ವೆರಿ) ಕೈಕೊಡುವುದನ್ನು ಏಕೆ ಮುಚ್ಚಿಡುತ್ತೀರಿ?

ಬೆಂಗಳೂರಿನಿಂದ: ಮುಚ್ಚಿಟ್ಟಿಲ್ಲ. 2023ರ 1.21 ಆವೃತ್ತಿಯಿಂದ ಪ್ರೋಟೊಕಾಲ್ ಮಟ್ಟದ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗೆ ಬೆಂಬಲವಿದೆ. ಆದರೆ ಸೆಷನ್ ಮಟ್ಟದ ಅಡ್ವೈಸರಿ ಲಾಕ್ (ಅಪ್ಲಿಕೇಶನ್ ತಾನೇ ಹಾಕಿಕೊಳ್ಳುವ ಲಾಕ್) ಅನ್ನು ಆ ಮೋಡ್‌ನಲ್ಲಿ ನಂಬುವಂತಿಲ್ಲ. ಟೇಬಲ್‌ಗಳ ರಚನೆ ಬದಲಿಸುವ ನಿಮ್ಮ ಮೈಗ್ರೇಶನ್ ಟೂಲ್ ಅದನ್ನು ಬಳಸುತ್ತಿದ್ದರೆ ಅದಕ್ಕೊಂದು ನೇರ ಕನೆಕ್ಷನ್ ಕೊಡಿ.