ಹಳೇ ಮೋಟರ್‌ಹೋಮ್ ಫ್ರಿಡ್ಜು: ಕರೆಂಟಲ್ಲಿ ತಣ್ಣಗಾಗತ್ತೆ, ಗ್ಯಾಸಲ್ಲಿ ಆಗಲ್ಲ, ಏನ್ ಮಾಡೋದು?

ಹಳೇಗಾಡಿ:
ಎಲ್ರಿಗೂ ನಮಸ್ಕಾರ. 90ರ ದಶಕದ ಒಂದು ಮೋಟರ್‌ಹೋಮ್ ಸೆಕೆಂಡ್ ಹ್ಯಾಂಡ್ ತಗೊಂಡಿದೀನಿ. ಎಂಜಿನ್ ಗಟ್ಟಿಮುಟ್ಟಾಗಿದೆ, ಬಾಡಿನೂ ಪರವಾಗಿಲ್ಲ, ತಲೆನೋವು ಅಂದ್ರೆ ಫ್ರಿಡ್ಜು. ಹೊರಗಿನ ಕರೆಂಟು, 12 ವೋಲ್ಟ್, ಎಲ್‌ಪಿಜಿ ಮೂರರಲ್ಲೂ ಓಡೋ ಹಳೇ ಮಾಡೆಲ್ ಇದು. ಹೊರಗಿನ ಕರೆಂಟಿಗೆ ಹಾಕಿದ್ರೆ ಬೆಳಗಾಗೋದ್ರೊಳಗೆ 5 ಡಿಗ್ರಿಗೆ ಬಂದಿರತ್ತೆ. ಗ್ಯಾಸಿಗೆ ಹಾಕಿದ್ರೆ ಇಡೀ ರಾತ್ರಿ ಬಿಟ್ರೂ 15ರ ಕೆಳಗೆ ಇಳಿಯಲ್ಲ, ಉರಿ ಹತ್ಕೊಳ್ಳತ್ತೆ ಆದ್ರೆ ಹಳದಿ ಹಳದಿಯಾಗಿ ಓಲಾಡತ್ತೆ, ಕೆಲವು ಸಲ ತಾನಾಗೇ ಆರಿಹೋಗತ್ತೆ. ಇನ್ನು 12 ವೋಲ್ಟಿಗೆ ಹಾಕಿ ಗಾಡಿ ನಿಲ್ಸಿದ್ರೆ ಹೌಸ್ ಬ್ಯಾಟರಿ (ಒಳಗಿನ ಲೈಟು, ಫ್ರಿಡ್ಜಿಗೆ ಅಂತ ಇರೋ ಬ್ಯಾಟರಿ) ಪೂರ್ತಿ ಮಲಗಿಬಿಡತ್ತೆ.

ಒಂದು ವರ್ಕ್‌ಶಾಪಲ್ಲಿ ತೋರಿಸ್ದೆ. ಗ್ಯಾಸಲ್ಲಿ ಹಾಕಿ ಒಳಗೆ ಕೈಯಿಟ್ಟು ನೋಡಿ "ಕೂಲಿಂಗ್ ಯೂನಿಟ್ ಹೋಗಿದೆ, ಹೊಸ ಫ್ರಿಡ್ಜ್ ಹಾಕ್ಸಿ" ಅಂದ್ರು. ಹೊಸದು ಅಂದ್ರೆ ದೊಡ್ಡ ಖರ್ಚು, ಮೇಲಾಗಿ ಅಳತೆ ಬೇರೆ, ಮರದ ಕಪಾಟೆಲ್ಲ ಕೊಯ್ಬೇಕಾಗತ್ತೆ. ನಿಜವಾಗ್ಲೂ ಯೂನಿಟ್ಟೇ ಹೋಗಿರತ್ತಾ?

ರಸಮಟ್ಟ:
ದಯವಿಟ್ಟು ಇವಾಗ್ಲೇ ಫ್ರಿಡ್ಜ್ ಎಸೀಬೇಡಿ. ಕರೆಂಟಲ್ಲಿ 5 ಡಿಗ್ರಿಗೆ ಬರತ್ತೆ ಅಂತ ನೀವೇ ಹೇಳಿದೀರಿ, ಅಂದ್ಮೇಲೆ ಕೂಲಿಂಗ್ ಯೂನಿಟ್ ಚೆನ್ನಾಗೇ ಇದೆ. ಇದರಲ್ಲಿ ಕಂಪ್ರೆಸರ್ ಇರಲ್ಲ. ಹಿಂದಿನ ಪೈಪುಗಳ ಒಳಗೆ ಅಮೋನಿಯಾ, ನೀರು, ಹೈಡ್ರೋಜನ್ ಇರತ್ತೆ, ಕೆಳಗಡೆ ಬಾಯ್ಲರ್‌ಗೆ ಬಿಸಿ ಕೊಟ್ರೆ ಅಮೋನಿಯಾ ಆವಿಯಾಗಿ ಮೇಲೆ ಹೋಗತ್ತೆ, ಅಲ್ಲಿ ದ್ರವ ಆಗತ್ತೆ, ಆಮೇಲೆ ಹೈಡ್ರೋಜನ್ ಜೊತೆ ಸೇರಿ ಮತ್ತೆ ಆವಿಯಾಗುವಾಗ ಒಳಗಿನ ಬಿಸಿ ಎಳ್ಕೊಳ್ಳತ್ತೆ, ಕೊನೆಗೆ ನೀರಲ್ಲಿ ಕರಗಿ ಕೆಳಗೆ ಬರತ್ತೆ. ಆ ಬಿಸಿ ಕರೆಂಟಿನ ಹೀಟರಿಂದ ಬಂದ್ರೇನು ಗ್ಯಾಸ್ ಉರಿಯಿಂದ ಬಂದ್ರೇನು, ಯೂನಿಟ್ಟಿಗೆ ಎರಡೂ ಒಂದೇ. ಒಂದರಲ್ಲಿ ಆಗಿ ಇನ್ನೊಂದರಲ್ಲಿ ಆಗ್ತಿಲ್ಲ ಅಂದ್ರೆ ತೊಂದ್ರೆ ಇರೋದು ಬಿಸಿ ಕೊಡೋ ಕಡೆ.

ಯೂನಿಟ್ ನಿಜವಾಗಿ ಸೋರಿದ್ರೆ ಮೂಗಿಗೆ ಹೊಡೆಯೋ ಅಮೋನಿಯಾ ವಾಸನೆ ಬರತ್ತೆ, ಹಿಂದೆ ಪೈಪಿನ ಮೇಲೆ ಹಳದಿ ಪುಡಿ ಕಟ್ಟಿರತ್ತೆ, ಅದು ಒಳಗೆ ತುಕ್ಕು ಹಿಡೀದಿರ್ಲಿ ಅಂತ ಹಾಕಿರೋ ಸೋಡಿಯಂ ಕ್ರೋಮೇಟ್. ಅದು ವಿಷ, ಬರಿಗೈಲಿ ಮುಟ್ಬೇಡಿ. ಇವೆರಡೂ ಇಲ್ಲ ಅಂದ್ರೆ ಧೈರ್ಯವಾಗಿರಿ.

ಇನ್ನೊಂದು, ಗಾಡಿ ಸಮತಟ್ಟಾಗಿ ನಿಂತಿದೆಯಾ ನೋಡಿ. ಫ್ರೀಜರ್ ಒಳಗೆ ರಸಮಟ್ಟ ಇಟ್ಟು ನೋಡೋದು ಒಳ್ಳೇದು. ಪಂಪ್ ಇಲ್ಲದ ವ್ಯವಸ್ಥೆ ಇದು, ದ್ರವ ತಾನಾಗೇ ಇಳೀಬೇಕು. ಓರೆ ನಿಲ್ಸಿ ತುಂಬಾ ಹೊತ್ತು ಓಡಿಸಿದ್ರೆ ಬಾಯ್ಲರ್ ಒಣಗಿ ಆ ಕ್ರೋಮೇಟ್ ಸುಟ್ಟು ಗಟ್ಟಿಯಾಗಿ ಪೈಪ್ ಕಟ್ಕೊಳ್ಳತ್ತೆ, ಆಮೇಲೆ ಅದನ್ನ ಬಿಡಿಸೋದು ಕಷ್ಟ. ಚಲಿಸ್ತಾ ಇರುವಾಗ ಪರವಾಗಿಲ್ಲ, ಅಲುಗಾಟದಲ್ಲಿ ಸರಿಹೋಗತ್ತೆ.

ನೀಲಿಉರಿ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಹಳದಿ ಉರಿ ಅಂದ್ರೆ ಗಾಳಿ ಸಾಲ್ತಿಲ್ಲ ಅಂತ. ಬರ್ನರ್ ಬಿಚ್ಚಿ ಕ್ಲೀನ್ ಮಾಡ್ಲೇಬೇಕು, ಹಳೇ ಗಾಡೀಲಿ ವರ್ಷಕ್ಕೊಂದು ಸಲ ಮಾಡೋ ಕೆಲಸ ಇದು.

ಮೊದಲು ಸಿಲಿಂಡರ್ ಹತ್ರಾನೇ ಗ್ಯಾಸ್ ಬಂದ್ ಮಾಡಿ, ಫ್ರಿಡ್ಜಿನ ನಾಬ್ ಆಫ್ ಮಾಡಿದ್ರೆ ಸಾಲಲ್ಲ. ಹೊರಗಡೆಯಿಂದ ಕೆಳಗಿನ ಜಾಲರಿ ತೆಗೀರಿ, ತಗಡಿನ ಡಬ್ಬಿ ಥರ ಮುಚ್ಚಿರತ್ತೆ, ಒಂದೋ ಎರಡೋ ಸ್ಕ್ರೂ ಬಿಚ್ಚಿದ್ರೆ ಬರ್ನರ್ ಕಾಣ್ಸತ್ತೆ. ಅದರ ಮೇಲೆ ತುಕ್ಕಿನ ಚೂರು ಬಿದ್ದಿರೋದು ತೀರಾ ಸಾಮಾನ್ಯ, ಮೇಲಿನ ಹೊಗೆ ಕೊಳವೆ ಒಳಗಿಂದ ಉದುರಿ ಉದುರಿ ಬೀಳತ್ತೆ. ಬರ್ನರ್ ಟ್ಯೂಬಿನ ಪಕ್ಕದಲ್ಲಿ ಗಾಳಿ ಎಳ್ಕೊಳ್ಳೋ ತೂತು ಇರತ್ತೆ, ಅದರೊಳಗೆ ಜೇಡ ಬಲೆ ಕಟ್ಟಿರತ್ತೆ, ಟಾರ್ಚ್ ಬಿಟ್ಟು ಸರಿಯಾಗಿ ನೋಡಿ, ಒಂದೆಳೆ ಬಲೆ ಸಾಕು ಉರಿ ಕೆಡಿಸೋಕೆ.

ಜೆಟ್ಟನ್ನ, ಅಂದ್ರೆ ಬರ್ನರ್‌ಗೆ ಗ್ಯಾಸ್ ಬಿಡೋ ಸಣ್ಣ ತೂತಿನ ನಳಿಕೆನ, ಬಿಚ್ಚಿ ಸ್ಪಿರಿಟ್‌ನಲ್ಲಿ ನೆನೆಹಾಕಿ, ಆಮೇಲೆ ಗಾಳಿ ಊದಿ ಒಣಗಿಸಿ. ಪಿನ್ನು, ತಂತಿ, ಸೂಜಿ ಯಾವುದನ್ನೂ ತೂರಿಸ್ಬೇಡಿ. ಕೂದಲೆಳೆಯಷ್ಟು ತೂತು ಅದು, ಸ್ವಲ್ಪ ದೊಡ್ಡದಾದ್ರೂ ಗ್ಯಾಸ್ ಜಾಸ್ತಿ ಬಂದು ಮಸಿ ಹಿಡಿಯತ್ತೆ, ಕಾರ್ಬನ್ ಮಾನಾಕ್ಸೈಡ್ ಬರತ್ತೆ.

ಆಮೇಲೆ ಹೊಗೆ ಕೊಳವೆ. ಅದರೊಳಗೆ ತಂತಿಗೆ ನೇತಾಕಿರೋ ತಿರುಚಿದ ತಗಡಿನ ಪಟ್ಟಿ ಇರತ್ತೆ, ಬಿಸಿ ಸುಮ್ನೆ ಮೇಲೆ ಹೋಗದೆ ಬಾಯ್ಲರ್‌ಗೆ ತಾಗ್ಲಿ ಅಂತ ಹಾಕಿರೋದು. ಮೇಲಿನ ಜಾಲರಿ ತೆಗೆದು ಅದನ್ನ ಎಳೀರಿ, ಬ್ರಷ್ ಹಾಕಿ ಮಸಿ ಉದುರಿಸಿ, ಬರ್ನರ್ ಪಕ್ಕಕ್ಕೆ ತೆಗೆದಿಟ್ಟೇ ಈ ಕೆಲಸ ಮಾಡಿ, ಇಲ್ಲಾಂದ್ರೆ ಎಲ್ಲಾ ಮತ್ತೆ ಅದರ ಮೇಲೇ ಬೀಳತ್ತೆ. ವಾಪಸ್ ಹಾಕುವಾಗ ಪಟ್ಟಿ ಮೊದಲಿದ್ದ ಎತ್ತರದಲ್ಲೇ ನೇತಾಡ್ಬೇಕು, ಎಷ್ಟೋ ಜನ ಇದನ್ನೇ ಮರೀತಾರೆ, ಆಮೇಲೆ ಕ್ಲೀನ್ ಮಾಡಿದ್ರೂ ತಣ್ಣಗಾಗ್ತಿಲ್ಲ ಅಂತಾರೆ.

ಉರಿ ತಾನಾಗೇ ಆರೋದಕ್ಕೆ ಥರ್ಮೋಕಪಲ್ ನೋಡಿ. ತುದಿ ಉರಿಯಲ್ಲಿ ಬಿಸಿಯಾದಾಗ ಕೆಲವೇ ಮಿಲಿವೋಲ್ಟ್ ಕರೆಂಟ್ ಹುಟ್ಟತ್ತೆ, ಅದೇ ಗ್ಯಾಸ್ ವಾಲ್ವನ್ನ ತೆರೆದಿಟ್ಟಿರತ್ತೆ. ಉರಿ ಓಲಾಡಿ ತುದಿಯಿಂದ ಸರಿದ್ರೆ ವಾಲ್ವ್ ಮುಚ್ಕೊಳ್ಳತ್ತೆ, ಅದು ಮಾಡ್ಬೇಕಾದ ಕೆಲಸಾನೇ ಮಾಡ್ತಿದೆ. ಹಾಗಾಗಿ ಮೊದಲು ಉರಿ ಸರಿ ಮಾಡಿ, ಆಮೇಲೂ ಆರಿದ್ರೆ ಥರ್ಮೋಕಪಲ್ ಬದಲಾಯ್ಸಿ.

ಮಲ್ಟಿಮೀಟರ್:
12 ವೋಲ್ಟಿನ ಬಗ್ಗೆ ಯಾರೂ ಹೇಳಿಲ್ಲ ಅಂತ ನಾನು ಬರೀತಿದೀನಿ. ಆ ಹೀಟರ್ 10ರಿಂದ 15 ಆಂಪ್ ಎಳೆಯತ್ತೆ, ಹಳೇ ಮಾಡೆಲ್‌ಗಳಲ್ಲಿ 12 ವೋಲ್ಟಿಗೆ ಹಾಕಿದ್ರೆ ಥರ್ಮೋಸ್ಟಾಟ್ ಕೂಡ ಕೆಲಸ ಮಾಡಲ್ಲ, ಒಂದೇ ಸಮ ಎಳೀತಾನೇ ಇರತ್ತೆ. ಲೆಕ್ಕ ಹಾಕಿ, 100 ಆಂಪ್ ಅವರ್ ಬ್ಯಾಟರೀಲಿ ಅರ್ಧ ಬಳಸಬಹುದು ಅಂದ್ಕೊಂಡ್ರೂ ಮೂರರಿಂದ ಐದು ಗಂಟೆಗೆ ಮುಗೀತು. ಲೆಡ್ ಆಸಿಡ್ ಬ್ಯಾಟರಿ ಲೋಡಿಲ್ಲದೆ ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ 12.7 ಇದ್ರೆ ಫುಲ್, 12.2 ಅಂದ್ರೆ ಸುಮಾರು ಅರ್ಧ, ಅದಕ್ಕಿಂತ ಕೆಳಗೆ ಪದೇ ಪದೇ ಇಳಿಸಿದ್ರೆ ಬ್ಯಾಟರಿ ಬೇಗ ಸಾಯತ್ತೆ.

12 ವೋಲ್ಟ್ ಇರೋದು ಗಾಡಿ ಓಡ್ತಾ ಇರುವಾಗ ಬಳಸೋಕೆ ಮಾತ್ರ. ಸಾಮಾನ್ಯವಾಗಿ ಆಲ್ಟರ್ನೇಟರ್ (ಎಂಜಿನ್ ತಿರುಗಿಸಿ ಕರೆಂಟ್ ಹುಟ್ಟಿಸೋದು) ಚಾರ್ಜ್ ಮಾಡ್ತಿದ್ರೆ ಮಾತ್ರ ಆನ್ ಆಗೋ ಒಂದು ರಿಲೇ, ಅಂದ್ರೆ ಕರೆಂಟಲ್ಲಿ ತಾನಾಗೇ ಆನ್ ಆಫ್ ಆಗೋ ಸ್ವಿಚ್ಚು, ಇರತ್ತೆ. ನಿಮ್ಮದು ಎಂಜಿನ್ ಆಫ್ ಆದ್ಮೇಲೂ ಎಳೀತಿದೆ ಅಂದ್ರೆ ಆ ರಿಲೇ ಅಂಟ್ಕೊಂಡಿದೆ, ಇಲ್ಲಾ ಯಾರೋ ನೇರ ವೈರ್ ಎಳೆದಿದಾರೆ.

ಇನ್ನೊಂದು ಪರೀಕ್ಷೆ: ಎಂಜಿನ್ ಆನ್ ಇಟ್ಟು ಫ್ರಿಡ್ಜ್ 12 ವೋಲ್ಟಲ್ಲಿ ಓಡ್ತಿರುವಾಗ ಅದರ ಹಿಂದಿನ ಟರ್ಮಿನಲ್ಲಲ್ಲೇ ವೋಲ್ಟೇಜ್ ಅಳೀರಿ. ಬ್ಯಾಟರಿ ಹತ್ರ 14 ಇದ್ದು ಅಲ್ಲಿ 11.5 ಬಂದ್ರೆ ಹೀಟರ್‌ನ ಬಿಸಿ ಮೂರರಲ್ಲಿ ಒಂದು ಪಾಲು ಹೋಯ್ತು ಅಂತಾನೇ ಅರ್ಥ. ಸಣ್ಣ ವೈರು, ಹಸಿರು ಕಟ್ಟಿದ ಕನೆಕ್ಟರು, ತುಕ್ಕು ಹಿಡಿದ ಅರ್ಥಿಂಗ್, ಇವೇ ಕಾರಣ.

ದಾರಿಹೋಕ:
ಗ್ಯಾಸ್ ಬಿಚ್ಚಿದ ಮೇಲೆ ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರತ್ತಾ ನೋಡಿ, ಬೆಂಕಿ ಹಚ್ಚಿ ನೋಡೋರನ್ನ ಕಣ್ಣಾರೆ ಕಂಡಿದೀನಿ, ಹಾಗೆ ಯಾವತ್ತೂ ಮಾಡ್ಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಕೂತ್ಕೊಳ್ಳತ್ತೆ. ಗಾಡಿಯ ನೆಲದಲ್ಲಿ ಅದಕ್ಕೇ ತೂತು ಬಿಟ್ಟಿರ್ತಾರೆ, ಚಳಿ ಬರತ್ತೆ ಅಂತ ಹಿಂದಿನ ಮಾಲೀಕರು ಮುಚ್ಚಿದ್ರೆ ಮೊದಲು ತೆಗೀರಿ. ರಬ್ಬರ್ ಪೈಪಿನ ಮೇಲೆ ತಯಾರಾದ ವರ್ಷ ಅಚ್ಚಾಗಿರತ್ತೆ, ಹಳೇದಾಗಿದ್ರೆ ರೆಗ್ಯುಲೇಟರ್ ಜೊತೆಗೇ ಬದಲಾಯ್ಸಿ. ಕಾರ್ಬನ್ ಮಾನಾಕ್ಸೈಡ್ ಅಲಾರಮ್ಮಿಗೂ ಆಯಸ್ಸು ಅಂತಿದೆ, ಟೆಸ್ಟ್ ಬಟನ್ ಒತ್ತಿದಾಗ ಕೂಗ್ತು ಅಂದ ಮಾತ್ರಕ್ಕೆ ಸೆನ್ಸರ್ ಸರಿ ಇದೆ ಅಂತಲ್ಲ, ಹಿಂದೆ ತಾರೀಕು ನೋಡಿ. ಪೆಟ್ರೋಲ್ ಬಂಕ್ ಸೇರೋಕೆ ಮುಂಚೆ ಫ್ರಿಡ್ಜಿನ ಉರಿ ಆರಿಸಿರ್ಬೇಕು.

ಹಳೇಗಾಡಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ವಾಸನೆ ಇಲ್ಲ, ಹಳದಿ ಪುಡಿ ಇಲ್ಲ. ಬರ್ನರ್ ತೆಗೆದ್ರೆ ಅದರ ಸೀಳುಗಳೆಲ್ಲ ತುಕ್ಕಿನ ಚೂರಿಂದ ಮುಚ್ಚಿಹೋಗಿತ್ತು, ಗಾಳಿ ತೂತಲ್ಲಿ ಬಿಳೀ ಹತ್ತಿ ಥರ ಬಲೆ. ಜೆಟ್ ರಾತ್ರಿಯಿಡೀ ನೆನೆಸಿಟ್ಟೆ, ಪಟ್ಟಿಯ ತಂತಿ ಎಷ್ಟು ಉದ್ದ ಇಳಿದಿತ್ತು ಅಂತ ಮಾರ್ಕ್ ಮಾಡ್ಕೊಂಡು ಅಷ್ಟೇ ಇಳಿಸಿ ಹಾಕ್ದೆ. ಸೋಪಿನ ನೀರಲ್ಲಿ ಎಲ್ಲೂ ಗುಳ್ಳೆ ಬರ್ಲಿಲ್ಲ. ಇವಾಗ ಉರಿ ನೀಲಿಯಾಗಿ ಗಟ್ಟಿ ನಿಂತಿದೆ, ಬೆಳಗ್ಗೆ ಎದ್ದು ನೋಡಿದ್ರೆ 4 ಡಿಗ್ರಿ! ರಿಲೇ ವಿಷ್ಯಾನೂ ಕರೆಕ್ಟು, ಯಾರೋ ಅದನ್ನ ಬಿಟ್ಟು ನೇರ ವೈರ್ ಜೋಡಿಸಿದಾರೆ.

ಒಂದೇ ಡೌಟು, ಮಧ್ಯಾಹ್ನ ಬಿಸಿಲಲ್ಲಿ ಮಾತ್ರ 9ಕ್ಕೆ ಏರತ್ತೆ, ಇದಕ್ಕೇನಾದ್ರೂ ಇದೆಯಾ?

ರಸಮಟ್ಟ:
ಸಂತೋಷ ಆಯ್ತು ಸರ್! ಮಧ್ಯಾಹ್ನದ್ದು ಹಿಂದುಗಡೆ ಗಾಳಿ ಓಡಾಡದೆ ಇರೋ ತೊಂದ್ರೆ. ಕೆಳಗಿನ ಜಾಲರಿಯಿಂದ ಒಳಗೆ ಬಂದ ಗಾಳಿ ಹಿಂದೆ ಬಿಸಿ ಹೊರಗೆ ಬಿಡೋ ತಗಡಿನ ರೆಕ್ಕೆಗಳನ್ನ ಸವರ್ಕೊಂಡೇ ಮೇಲಿನಿಂದ ಹೊರಗೆ ಹೋಗ್ಬೇಕು, ಹಿಂದೆ ಖಾಲಿ ಜಾಗ ಜಾಸ್ತಿ ಇದ್ರೆ ರೆಕ್ಕೆ ಮುಟ್ದೇನೇ ಹೋಗಿಬಿಡತ್ತೆ. ಗೋಡೆ ಕಡೆ ಒಂದು ಅಲ್ಯೂಮಿನಿಯಂ ತಗಡು ಬಗ್ಗಿಸಿ ಕೂರಿಸಿ ಗಾಳಿಯನ್ನ ಆ ಕಡೆ ತಿರುಗಿಸಿ, ಜೊತೆಗೆ ಮೇಲಿನ ಜಾಲರಿ ಹತ್ರ ಹೊರಗೆ ಊದೋ ಹಾಗೆ ಎರಡು ಸಣ್ಣ 12 ವೋಲ್ಟ್ ಫ್ಯಾನ್ ಹಾಕಿ. ಹೊಗೆ ಕೊಳವೆಯ ಬಾಯಿಂದ ದೂರ ಇರ್ಲಿ, ಕೆಳಗೆ ಉರಿಗಂತೂ ಫ್ಯಾನಿನ ಗಾಳಿ ತಾಗ್ಲೇಬಾರ್ದು. ಆದ್ರೆ ಮೊದಲು ಆ ರಿಲೇ ಹಾಕಿಸ್ಕೊಳ್ಳಿ, ಫ್ಯಾನ್ ಆಮೇಲೆ.