ಬ್ಯಾಂಕಾಕ್‌ನಲ್ಲಿ ಭಾನುವಾರ ಎಲ್ಲಿಗೆ ಹೋಗಲಿ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಬ್ಯಾಂಕಾಕ್‌ಗೆ ಹೊರಟಿದ್ದೇನೆ. ಕ್ಲೋಂಗ್ ತೋಯಿ ಕಡೆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಸ್ವಯಂಸೇವೆ. ವಸತಿ ಸಂಸ್ಥೆಯದೇ, ಸಂಬಳ ಇಲ್ಲ. ಭಾನುವಾರ ಪೂರ್ತಿ ರಜೆ. ಯೂಟ್ಯೂಬ್ ತೆಗೆದರೆ ಬರೀ ಮಾಲ್, ಮಸಾಜ್. ಕೈಯಲ್ಲಿ ದುಡ್ಡು ಕಮ್ಮಿ, ನಡೆಯುವ ಹುಮ್ಮಸ್ಸು ಜಾಸ್ತಿ. ಎಲ್ಲಿಂದ ಶುರು ಮಾಡಲಿ?

ಪಾಸ್‌ಪೋರ್ಟ್ ಪುಟ್ಟಣ್ಣ:
ಸುತ್ತಾಟ ಆಮೇಲೆ. ಯಾವ ವೀಸಾ ಅಂತ ಕೇಳಿದ್ದೀರಾ? ಟೂರಿಸ್ಟ್ ಅಂತ ಒಳಗೆ ಹೋಗಿ ಪಾಠ ಮಾಡುವಂತಿಲ್ಲ, ಸಂಬಳ ಇಲ್ಲದಿದ್ದರೂ. ನಾನ್-ಇಮಿಗ್ರಂಟ್ ಓ ವೀಸಾ, ಮೇಲೆ ವರ್ಕ್ ಪರ್ಮಿಟ್. "ಸುಮ್ನೆ ಬನ್ನಿ, ನೋಡಿಕೊಳ್ಳೋಣ" ಅನ್ನುವ ಸಂಸ್ಥೆಗೆ ದೂರದಿಂದಲೇ ಕೈಮುಗಿಯಿರಿ.

ಸಿಲೋಂ ವಾಸಿ:
ಪುಟ್ಟಣ್ಣ ಹೇಳಿದ್ದು ಸರಿ. ನಾನು ಕೆಲಸದ ಮೇಲೆ ಇಲ್ಲೇ, ಬ್ಯಾಂಕಾಕ್‌ನ ಸಿಲೋಂ ಬಡಾವಣೆಯಲ್ಲಿ ಇದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ಭಾನುವಾರವೇ ಗ್ರ್ಯಾಂಡ್ ಪ್ಯಾಲೇಸ್‌ಗೆ ಓಡಬೇಡಿ. ಸಾನ್ ಸಾಬ್ ಕಾಲುವೆಯ ದೋಣಿ ಹತ್ತಿ. ಕ್ಲೋಂಗ್ ತೋಯಿಯಿಂದ ಮೆಟ್ರೋದಲ್ಲಿ ಮೂರೇ ಸ್ಟೇಷನ್. ಫೆಚ್ಚಬುರಿಯಲ್ಲಿ ಇಳಿದರೆ ಅಸೋಕ್ ದೋಣಿಕಟ್ಟೆ ಪಕ್ಕದಲ್ಲೇ. ಹಳೇ ಊರಿನ ಪಾನ್‌ಫಾ ಕಡೆಯ ದೋಣಿ ಹಿಡಿಯಿರಿ.

ಇದು ಪ್ರವಾಸಿಗರ ದೋಣಿ ಅಲ್ಲ, ನಮ್ಮ ಸಿಟಿ ಬಸ್ಸೇ. ಕಂಬಕ್ಕೆ ಹಗ್ಗ ಒಂದು ಸುತ್ತು ಬೀಳುವಷ್ಟರಲ್ಲಿ ಅರ್ಧ ಜನ ಹಾರಿ ಇಳಿದಿರುತ್ತಾರೆ. ಕಂಡಕ್ಟರ್ ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತಲೇ ದುಡ್ಡು ವಸೂಲಿ ಮಾಡುತ್ತಾರೆ, ತಲೆಗೆ ಹೆಲ್ಮೆಟ್. ಸೇತುವೆಗಳು ಅಷ್ಟು ತಗ್ಗು! ಅಂಚಿನ ಸೀಟು ಸಿಕ್ಕಿತು ಅಂತ ಹಿಗ್ಗಬೇಡಿ. ಎದುರು ದೋಣಿ ಬಂದಾಗ ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸುವುದು ನಿಮ್ಮ ಡ್ಯೂಟಿ. ತಡ ಮಾಡಿದರೆ ಹಿಂದೆ ಕೂತ ಅಜ್ಜಿ ಗುರಾಯಿಸುತ್ತಾರೆ. ನೀರು ಕಪ್ಪು, ವಾಸನೆಯೂ ಇದೆ. ಬಾಯಿಗೆ ಕರ್ಚೀಫು ಇರಲಿ.

ಕಾಂಬೋಡಿಯಾ ಕಡೆ ಯುದ್ಧಕ್ಕೆ ಸೈನ್ಯ ಸಾಗಿಸಲು ಇಲ್ಲಿನ ಮೂರನೇ ರಾಮ ದೊರೆ 1837ರಲ್ಲಿ ಈ ಕಾಲುವೆ ತೋಡಿಸಲು ಶುರು ಮಾಡಿದ್ದು. ಈಗ ಆಫೀಸಿಗೆ ಹೋಗುವವರ ದಂಡು. ಪ್ರತೂನಾಮ್‌ನಲ್ಲಿ ಇಳಿದು ಇನ್ನೊಂದು ದೋಣಿ ಹತ್ತಬೇಕು, ಟಿಕೆಟ್ ಬಿಸಾಡಬೇಡಿ. ಹುವಾ ಚಾಂಗ್‌ನಲ್ಲಿ ಇಳಿದು ಬಾನ್ ಕ್ರುವಾ ಓಣಿಗಳಲ್ಲಿ ಅಡ್ಡಾಡಿ. ಕಾಂಬೋಡಿಯಾ-ವಿಯೆಟ್ನಾಂ ಮೂಲದ ಚಾಮ್ ಮುಸ್ಲಿಮರ ಹಳೇ ಕೇರಿ. ಥಾಯ್ ರೇಷ್ಮೆಯನ್ನು ಹೊರದೇಶಗಳಿಗೆ ಮಾರಿದ ಅಮೆರಿಕದ ವ್ಯಾಪಾರಿ ಜಿಮ್ ಥಾಂಪ್ಸನ್‌ಗೆ ರೇಷ್ಮೆ ನೇಯ್ದುಕೊಟ್ಟವರು ಇವರೇ. ಅವನ ಮನೆ ಕಾಲುವೆಯ ಆಚೆ ದಡದಲ್ಲಿ ಮ್ಯೂಸಿಯಂ ಆಗಿದೆ, ಟಿಕೆಟ್ ಇದೆ. ಓಣಿಗೆ ಟಿಕೆಟ್ ಇಲ್ಲ, ನನಗೆ ಇಷ್ಟ ಆಗಿದ್ದೂ ಓಣಿಯೇ. ವಾರಾಂತ್ಯದಲ್ಲಿ ದೋಣಿಗಳು ಬೇಗ ನಿಲ್ಲುತ್ತವೆ, ಸಂಜೆ ಆಗುವಾಗಲೇ ವಾಪಸ್ ಹೊರಡಿ.

ತುಂಗಾತೀರ:
ಥ್ಯಾಂಕ್ಸ್! ವೀಸಾ ವಿಷಯ ಇವತ್ತೇ ಮೇಲ್ ಮಾಡಿದೆ. ಊಟದ ಕಥೆ ಏನು? ಮೊಟ್ಟೆಯೂ ತಿನ್ನುವುದಿಲ್ಲ.

ಸಿಲೋಂ ವಾಸಿ:
ಹಳದಿ ಬಾವುಟ, ಅದರ ಮೇಲೆ ಕೆಂಪಗೆ 17 ಬರೆದಂತೆ ಕಾಣುವ ಥಾಯ್ ಅಕ್ಷರ. ಅದು 'ಜೇ' ಅಂಗಡಿ, ಅಂದರೆ ಕಟ್ಟು ಸಸ್ಯಾಹಾರ. ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲ. ನಮ್ಮ ಮಡಿ ಅಡುಗೆಗಿಂತ ಒಂದು ಕೈ ಮೇಲೆ! ಬೇರೆ ಕಡೆ ಬರೀ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. "ಮಾಯ್ ಸಾಯ್ ನಾಮ್ ಪ್ಲಾ" ಅನ್ನಿ, ಹಾಕುವುದಿಲ್ಲ. ಆದರೆ ಚಿಪ್ಪುಮೀನಿನ ಆಯ್ಸ್ಟರ್ ಸಾಸ್ ಬಾಟಲಿಯ ಮೇಲೂ ಒಂದು ಕಣ್ಣಿರಲಿ.

ನವರಾತ್ರಿಯವರೆಗೆ ಇದ್ದರೆ ಸಿಲೋಂನ ಮಾರಿಯಮ್ಮನ ಗುಡಿಗೆ ಬನ್ನಿ. ತಮಿಳರು ಕಟ್ಟಿದ್ದು, ಆದರೆ ಹೂವು-ಕಾಯಿ ಹಿಡಿದು ನಿಂತವರಲ್ಲಿ ಥಾಯ್ ಜನ ತುಂಬಾ. ವಿಜಯದಶಮಿ ರಾತ್ರಿ ಉತ್ಸವ ರಸ್ತೆಗೆ ಬರುತ್ತದೆ. ಅವತ್ತು ಟ್ಯಾಕ್ಸಿ ನಂಬಬೇಡಿ, ಮೇಲ್ಸೇತುವೆಯ ಮೇಲೆ ಓಡುವ ಬಿಟಿಎಸ್ ರೈಲಿನಲ್ಲೇ ಬನ್ನಿ.