‘ಅರೆತೆ’ಗೆ ‘ಸದ್ಗುಣ’ ಸಾಕೇ?

ಗೆಳೆಯರೇ, ಗ್ರೀಕಿನ ‘ಅರೆತೆ’ಗೆ, ಅಂದರೆ ತನ್ನ ಕೆಲಸವನ್ನು ಚೆನ್ನಾಗಿ ಮಾಡಿಸುವ ಉತ್ತಮಿಕೆಗೆ, ಕನ್ನಡದಲ್ಲಿ ಏನು ಹೇಳೋಣ? ಶಾಲೆಯ ಮೇಷ್ಟರುಗಳಿಗಾಗಿ ಅರಿಸ್ಟಾಟಲನ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ನಿಂತುಬಿಟ್ಟಿದೆ.

ಸಾಮಾನ್ಯವಾಗಿ ‘ಸದ್ಗುಣ’ ಅಂತ ಬರೆಯುತ್ತೇವೆ. ಆದರೆ ಗ್ರೀಕರ ಅರೆತೆ ಮನುಷ್ಯರಿಗಷ್ಟೇ ಸೇರಿದ್ದಲ್ಲ. ಪ್ಲೇಟೋನ ‘ರಿಪಬ್ಲಿಕ್’ನಲ್ಲಿ ಸಾಕ್ರಟೀಸ್ ಕುದುರೆಯ ಅರೆತೆ, ಕಣ್ಣಿನ ಅರೆತೆ ಅಂತಲೂ ಮಾತಾಡುತ್ತಾನೆ. ಚೆನ್ನಾಗಿ ನೋಡುವ ಕಣ್ಣಿಗೆ ಅದರ ಅರೆತೆ ಇದೆ. ‘ಕಣ್ಣಿನ ಸದ್ಗುಣ’ ಅಂದರೆ ಕಿವಿಗೆ ಒಗ್ಗುವುದಿಲ್ಲ, ಅಲ್ವಾ?

ಬರೀ ‘ಗುಣ’ ಸಾಕೇ? ಮಣ್ಣಿನ ಗುಣ, ಮದ್ದಿನ ಗುಣ ಅನ್ನುತ್ತೇವೆ. ‘ಕೈಗುಣ’ವಂತೂ ತುಂಬಾ ಹತ್ತಿರ ಬರುತ್ತದೆ. ಆದರೆ ಗುಣ ಕೆಟ್ಟದ್ದೂ ಇರಬಹುದು. ಅದಕ್ಕಿಂತ ದೊಡ್ಡ ತೊಡಕು ನಮ್ಮ ಗಾದೆಯಲ್ಲೇ ಇದೆ: ಹುಟ್ಟುಗುಣ ಸುಟ್ಟರೂ ಹೋಗದು. ಅರಿಸ್ಟಾಟಲ್ ಹೇಳುವುದು ಇದರ ತದ್ವಿರುದ್ಧ. ಕಲ್ಲನ್ನು ಹತ್ತು ಸಾವಿರ ಸಲ ಮೇಲಕ್ಕೆ ಎಸೆದರೂ ಅದು ಮೇಲೆ ಹೋಗುವುದನ್ನು ಕಲಿಯುವುದಿಲ್ಲ. ನಡತೆ ಹಾಗಲ್ಲ ಅನ್ನುತ್ತಾನೆ. ನುಡಿಸಿ ನುಡಿಸಿ ವಾದ್ಯಗಾರ ಆಗುವಂತೆ, ಧೈರ್ಯದ ಕೆಲಸ ಮಾಡಿ ಮಾಡಿ ಧೈರ್ಯವಂತ ಆಗುತ್ತಾನಂತೆ. ಗ್ರೀಕಿನಲ್ಲಿ ರೂಢಿಗೆ ‘ಎಥೋಸ್’, ನಡತೆಗೆ ‘ಏಥೋಸ್’. ನಮ್ಮ ಎ, ಏ ಇದ್ದ ಹಾಗೆ, ಸ್ವರ ಎಳೆದರೆ ರೂಢಿಯೇ ನಡತೆ!

ನಮ್ಮ ಶಾಲೆಯ ಪದಗಳಲ್ಲಿ ಈ ರೂಢಿಯ ಸುಳಿವೇ ಇಲ್ಲ. ‘ನೀತಿಪಾಠ’ ಅಂದರೆ ಕತೆಯ ಕೊನೇ ಸಾಲು. ‘ಮೌಲ್ಯ ಶಿಕ್ಷಣ’ ಅಂದರೆ ಗೋಡೆಗೆ ಹಾಕುವ ಪಟ್ಟಿ. ನಾನೂ ಪಾಠ ಮಾಡುತ್ತಿದ್ದಾಗ ‘ಸತ್ಯವನ್ನೇ ಹೇಳಬೇಕು’ ಅಂತ ಹತ್ತು ಸಲ ಬರೆಸುತ್ತಿದ್ದೆ. ಮಕ್ಕಳ ಅಕ್ಷರ ದುಂಡಗಾಯಿತು. ತಪ್ಪು ಒಪ್ಪಿಕೊಂಡ ಮಗುವಿಗೆ ಬೈಯದೆ ಇದ್ದಿದ್ದರೆ ಜಾಸ್ತಿ ಕಲಿಯುತ್ತಿದ್ದರು ಅಂತ ಈಗ ಅನಿಸುತ್ತದೆ.

ನನಗೆ ಹೊಳೆದದ್ದು ‘ಹದ’. ಮಣ್ಣಿಗೂ ಹದ, ಬೆಲ್ಲದ ಪಾಕಕ್ಕೂ ಹದ. ಅದು ಹುಟ್ಟಿನಿಂದ ಬರುವುದಲ್ಲ, ಕೈಯಾಡಿಸಿ ತರುವುದು. ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಅರಿಸ್ಟಾಟಲನೂ ಧೈರ್ಯವನ್ನು ಪುಕ್ಕಲುತನಕ್ಕೂ ಹುಂಬತನಕ್ಕೂ ನಡುವೆ ಇಡುತ್ತಾನೆ. ಆದರೆ ‘ಕಣ್ಣಿನ ಹದ’ ಅಂದರೆ ಚುರುಕು ನೋಟ ಅಂತ ಯಾರಿಗೂ ಹೊಳೆಯುವುದಿಲ್ಲವೇನೋ.

ನಿಮ್ಮ ಕಡೆ ಮನುಷ್ಯರ ಬಗ್ಗೆ ‘ಹದ’ ಅನ್ನುವ ಬಳಕೆ ಇದೆಯೇ? ‘ಹದವಾದ ಆಳು’, ‘ಹದಕ್ಕೆ ಬಂದ ಹುಡುಗ’, ಹೀಗೆ? ಇದ್ದರೆ ಯಾವ ಅರ್ಥದಲ್ಲಿ ಅಂತ ದಯವಿಟ್ಟು ತಿಳಿಸಿ.